‘ಆಲ್ಟರ್’ ಪದದ ಚೀಟಿ

ಬಸವನಗುಡಿ
12 ಆಗಸ್ಟ್ 1996

ಮೈತ್ರೇಯಿ ಅವರಿಗೆ,

‘ಕಟ್ಟಿದ ವಾಕ್ಯ ಬೇಡ, ಕೇಳಿದ ವಾಕ್ಯ ಬೇಕು’ ಎಂದು ನೀವು ಹೇಳಿದ್ದು ಗಾಂಧಿ ಬಜಾರಿನ ಹೂವಿನವರ ಎದುರಿಗೋ ಬಸ್ ಸ್ಟಾಪಿನಲ್ಲೋ, ಮರೆತಿದೆ. ಅದರ ಮುಂದೆ ಇನ್ನೂ ಏನೋ ಹೇಳಿದಿರಿ. ಅಷ್ಟರಲ್ಲಿ ಬಸ್ಸು ಬಂತು, ನೀವು ಹತ್ತಿದಿರಿ. ಉಳಿದ ಅರ್ಧ ಏನಿತ್ತೆಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ.

ನೀವು ವಿಜಾಪುರದ ಶಿಕ್ಷಕರ ತರಬೇತಿ ಕಾಲೇಜಿಗೆ ಹೋಗಿ ಎರಡು ತಿಂಗಳಾಯಿತು. ನಮ್ಮ ಇಂಗ್ಲಿಷ್-ಕನ್ನಡ ನಿಘಂಟು ಇನ್ನೂ ಎ ಅಕ್ಷರದಲ್ಲೇ ಕೂತಿದೆ. ಪ್ರಕಾಶಕರಾದ ಅವೆನ್ಯೂ ರಸ್ತೆಯ ಶಂಭುಲಿಂಗಪ್ಪನವರು ಅದನ್ನು ನಿಘಂಟು ಎನ್ನುವುದೇ ಇಲ್ಲ. ಮೊನ್ನೆ ಅಂಗಡಿಯಲ್ಲಿ ಹತ್ತು ಜನರ ಎದುರಿಗೆ ಕೂಗಿದರು: ‘ಮೇಷ್ಟ್ರೇ, ಗೈಡು ಯಾವಾಗ ಕೊಡ್ತೀರಾ? ನೀವು ಎ ಮುಗ್ಸೋದ್ರೊಳ್ಗೆ ನನ್ನ ಮೊಮ್ಮಗ ಡಿಗ್ರಿ ಮುಗಿಸ್ತಾನೆ.’

ನಿಮ್ಮ ಪದ್ಧತಿಯನ್ನು ನಾನು ಬಿಟ್ಟಿಲ್ಲ. ಒಂದು ಪದಕ್ಕೆ ಒಂದು ಚೀಟಿ. ಮುಂದೆ ಇಂಗ್ಲಿಷ್ ಪದ, ಕನ್ನಡ ಅರ್ಥ, ನಮ್ಮ ಊರಿನವರು ಆ ಪದವನ್ನು ಬಳಸಿ ನಿಜವಾಗಿ ಆಡಿದ ಒಂದು ವಾಕ್ಯ. ಹಿಂದೆ, ಆಡಿದವರು ಯಾರು, ಎಲ್ಲಿ, ಯಾವಾಗ. ಪುಸ್ತಕದ ಕೊನೆಯಲ್ಲಿ ‘ವಾಕ್ಯ ಕೊಟ್ಟವರು’ ಎಂದು ಎಲ್ಲರ ಹೆಸರನ್ನೂ ಅಚ್ಚು ಹಾಕಿಸಬೇಕೆಂದಿದ್ದೇನೆ. ಕಾಫಿಪುಡಿ ಅಂಗಡಿಯವನ ಹೆಸರೂ ಬರುತ್ತದೆ, ನಮ್ಮ ಪ್ರಾಂಶುಪಾಲರ ಹೆಸರೂ ಬರುತ್ತದೆ.

ಈಗ ತೊಡಕಾಗಿರುವುದು ‘ಆಲ್ಟರ್’. ಬದಲಾಯಿಸು ಎಂದರೆ ‘ಚೇಂಜ್’ ಆಗಿಬಿಡುತ್ತದೆ. ತಿದ್ದು ಎಂದರೆ ‘ಕರೆಕ್ಟ್’ ಆಗುತ್ತದೆ. ಟೈಲರ್ ರಾಮಾಂಜಿನಪ್ಪನ ಬಳಿ ಪ್ಯಾಂಟು ಕೊಟ್ಟು ಕಿವಿ ತೆರೆದು ನಿಂತೆ. ‘ಆಲ್ಟರ್ ಮಾಡ್ಕೊಡ್ತೀನಿ ಸಾರ್, ಹಳೇ ಹೊಲಿಗೆ ಗುರುತು ಮಾತ್ರ ಹೋಗಲ್ಲ. ಹೊಟ್ಟೆ ಇಳಿಸಿದ್ರೆ ಇಬ್ರಿಗೂ ಸುಲಭ’ ಎಂದ. ವಾಕ್ಯ ಚೆನ್ನಾಗಿದೆ. ಆದರೆ ಟೈಲರ್ ಅಂಗಡಿಯಲ್ಲಿ ಆ ಪದ ಸಿಗುವುದು ತೀರಾ ಸುಲಭವಲ್ಲವೇ? ಇದಕ್ಕಿಂತ ಆಳದ್ದು ನಿಮ್ಮಲ್ಲಿ ಇರಬಹುದು.

ಬದರೀನಾರಾಯಣ


ವಿಜಾಪುರ
2 ಸೆಪ್ಟೆಂಬರ್ 1996

ಬದರೀನಾರಾಯಣ ಅವರಿಗೆ,

ಇಲ್ಲಿ ಬಿಸಿಲು ಇನ್ನೂ ಇಳಿದಿಲ್ಲ. ಕಾಲೇಜಿನವರು ಒಳ್ಳೆಯವರು. ನನ್ನ ಬೆಂಗಳೂರು ಮಾತು ಕೇಳಿ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ.

ನಿಮ್ಮ ಪದದ ಬಗ್ಗೆ ನನಗೆ ತೋಚಿದ್ದು ಇಷ್ಟು. ‘ಚೇಂಜ್’ ಎಂದರೆ ಒಂದು ಹೋಗಿ ಇನ್ನೊಂದು ಬರಬಹುದು. ಸೀರೆ ಚೇಂಜ್ ಮಾಡಿದರೆ ಹಳೆಯ ಸೀರೆ ಹಗ್ಗದ ಮೇಲಿರುತ್ತದೆ. ‘ಆಲ್ಟರ್’ ಹಾಗಲ್ಲ. ವಸ್ತು ಅದೇ ಉಳಿಯುತ್ತದೆ, ಅದರೊಳಗೆ ಏನೋ ಒಂದು ಸರಿದಿರುತ್ತದೆ. ನೋಡಿದವರಿಗೆ ಅದೇ ರವಿಕೆ, ಅದೇ ಮನೆ, ಅದೇ ದಾಖಲೆ. ಸರಿಸಿದವರಿಗೆ ಮಾತ್ರ ಎಲ್ಲಿ ಎಂದು ಗೊತ್ತು. ಮೊದಲ ಅರ್ಥವಾಗಿ ‘ಮಾರ್ಪಡಿಸು’ ಇರಲಿ. ಎರಡನೆಯ ಅರ್ಥ: ‘ಇದ್ದುದನ್ನು ಇದ್ದ ಹಾಗೆಯೇ ಕಾಣುವಂತೆ ಬೇರೆ ಮಾಡು’. ಉದ್ದವಾಯಿತು, ಗೊತ್ತು. ಕತ್ತರಿಸಬೇಡಿ.

ಚೀಟಿ ಇದರ ಜೊತೆಗಿದೆ. ವಾಕ್ಯ ಇದು:

‘ರಿಜಿಸ್ಟರಿನಲ್ಲಿ ಹುಡುಗಿಯ ಹುಟ್ಟಿದ ತಾರೀಖನ್ನು ಆಲ್ಟರ್ ಮಾಡಿದ್ದು ನಾನು.’

ಚೀಟಿಯ ಹಿಂದೆ ಬರೆದಿದ್ದೇನೆ: ಮೈತ್ರೇಯಿ, ಶಿಕ್ಷಕಿ, ಚಾಮರಾಜಪೇಟೆ, 1981. ನನ್ನ ಮಾತು ನಾನೇ ಕೇಳಿಸಿಕೊಂಡದ್ದು, ಬೇರೆ ಯಾರೂ ಎದುರಿಗಿರಲಿಲ್ಲ. ಇದು ನಿಯಮಕ್ಕೆ ಒಗ್ಗುತ್ತದೆಯೋ ಇಲ್ಲವೋ ನೀವೇ ಹೇಳಿ. ಒಗ್ಗುತ್ತದೆಂದರೆ ಒಂದು ಅಕ್ಷರವೂ ಆಚೀಚೆ ಆಗದ ಹಾಗೆ ಅಚ್ಚಾಗಲಿ, ಕೊನೆಯ ಪಟ್ಟಿಯಲ್ಲಿ ನನ್ನ ಹೆಸರೂ ಇರಲಿ. ಆ ವಾಕ್ಯ ಏನು, ಯಾಕೆ ಎಂದು ಕೇಳಬೇಡಿ. ಚಾಮರಾಜಪೇಟೆಯಲ್ಲಿ ಅದನ್ನು ಓದಬೇಕಾದವರು ಒಬ್ಬರಿದ್ದಾರೆ. ಯಾವತ್ತಾದರೂ ಓದುತ್ತಾರೆ.

ಬಸ್ ಸ್ಟಾಪಿನಲ್ಲಿ ಹೇಳಿದ ಉಳಿದ ಅರ್ಧ ನನಗೆ ನೆನಪಿದೆ. ಮುಂದೆ ಎಂದಾದರೂ ಬರೆಯುತ್ತೇನೆ.

ಮೈತ್ರೇಯಿ


ಬಸವನಗುಡಿ
7 ಫೆಬ್ರವರಿ 1999

ಮೈತ್ರೇಯಿ ಅವರಿಗೆ,

ಪ್ರೂಫ್ ಕಳಿಸಿ ಎಂದು ಮೂರು ಸಲ ಬರೆದಿದ್ದೀರಿ. ವಿಜಾಪುರಕ್ಕೆ ಹೋಗಿ ಬರಲು ಹದಿನೈದು ದಿನ ಬೇಕು. ಶಾಲೆಗಳು ತೆರೆಯುವ ಹೊತ್ತಿಗೆ ಪುಸ್ತಕ ಅಂಗಡಿಯಲ್ಲಿರಲೇಬೇಕೆಂದು ಶಂಭುಲಿಂಗಪ್ಪ ಕೂತಿದ್ದಾರೆ. ಚಾಮರಾಜಪೇಟೆಯ ಪ್ರೆಸ್ಸಿಗೆ ನಾನೇ ದಿನಾ ಹೋಗುತ್ತೇನೆ, ಸಾಲು ಸಾಲೂ ನೋಡುತ್ತೇನೆ. ಈಗ ಅಚ್ಚುಮೊಳೆಗಳ ಕಾಲವಲ್ಲ. ಕಂಪ್ಯೂಟರಿನಲ್ಲಿ ಒಬ್ಬ ಹುಡುಗಿ ಕೂತಿದ್ದಾಳೆ, ತಪ್ಪು ತೋರಿಸಿದರೆ ಕಣ್ಣೆದುರಿಗೇ ಸರಿ ಮಾಡುತ್ತಾಳೆ. ಗುರುತೇ ಉಳಿಯುವುದಿಲ್ಲ. ನೀವು ನೋಡಿದರೆ ಆಶ್ಚರ್ಯಪಡುತ್ತೀರಿ.

ನಿಮ್ಮ ಎರಡನೆಯ ಅರ್ಥ ಪೂರ್ತಿ ಉಳಿದಿದೆ. ಅದಕ್ಕಾಗಿ ಜಗಳವನ್ನೇ ಆಡಿದೆ. ಎಲ್ಲ ನನಗೆ ಬಿಡಿ.

ಬದರಿ


ಬಸವನಗುಡಿ
14 ಜೂನ್ 1999

ಮೈತ್ರೇಯಿ ಅವರಿಗೆ,

ಬಂತು! ರಿಜಿಸ್ಟರ್ಡ್ ಪಾರ್ಸಲಿನಲ್ಲಿ ನಿಮ್ಮ ಪ್ರತಿ ಕಳಿಸಿದ್ದೇನೆ. ನೀಲಿ ರಟ್ಟು, ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ. ಚಾಮರಾಜಪೇಟೆಯ ನಾಲ್ಕು ಶಾಲೆಗಳು ಏಳನೇ ತರಗತಿಗೆ ತರಿಸಿಕೊಂಡಿವೆ. ಶಂಭುಲಿಂಗಪ್ಪನವರು ನಿನ್ನೆ ಮೊದಲ ಬಾರಿಗೆ ‘ನಿಘಂಟು’ ಎಂದರು. ಮರುಕ್ಷಣ ‘ಗೈಡು ಅಂದಿದ್ರೆ ಇನ್ನೂ ಇನ್ನೂರು ಹೋಗ್ತಿತ್ತು’ ಎಂದೂ ಸೇರಿಸಿದರು.

ಕೊನೆಯ ಹೆಸರುಗಳ ಪಟ್ಟಿ ನೋಡಿ. ಟೈಲರ್ ರಾಮಾಂಜಿನಪ್ಪ ತನ್ನ ಹೆಸರಿರುವ ಪುಟವನ್ನು ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿಕೊಂಡಿದ್ದಾನೆ. ಪುಸ್ತಕ ಹಾಳಾಯಿತಲ್ಲಯ್ಯ ಎಂದರೆ, ‘ಬಾಕಿ ಪೇಜ್ ನಂಗ್ಯಾಕೆ ಸಾರ್?’ ಎಂದ.

ಏನನಿಸಿತು, ಕೂಡಲೇ ಬರೆಯಿರಿ.

ಬದರಿ


ವಿಜಾಪುರ
11 ಜುಲೈ 1999

ಬದರೀನಾರಾಯಣ ಅವರಿಗೆ,

ಪುಸ್ತಕ ತಲುಪಿತು. ರಟ್ಟು ಗಟ್ಟಿಯಾಗಿದೆ.

ಪುಟ ಹದಿನಾಲ್ಕು. ಎರಡನೆಯ ಅರ್ಥ ಇದೆ, ಜಗಳವಾಡಿ ಉಳಿಸಿದ್ದಕ್ಕೆ ವಂದನೆ. ಅದರ ಕೆಳಗೆ ಹೀಗಿದೆ: ‘ರಿಜಿಸ್ಟರಿನಲ್ಲಿ ಹುಡುಗಿಯ ಹುಟ್ಟಿದ ತಾರೀಖನ್ನು ಆಲ್ಟರ್ ಮಾಡಿದ್ದು ಗುಮಾಸ್ತರು.’ ಕೊನೆಯ ಪಟ್ಟಿಯಲ್ಲಿ ಆ ವಾಕ್ಯದ ಎದುರಿಗೆ ನನ್ನ ಹೆಸರಿದೆ, ಚಾಮರಾಜಪೇಟೆ ಇದೆ, 1981 ಇದೆ.

ನಾನು ಬರೆದದ್ದರಲ್ಲಿ ಗುಮಾಸ್ತರು ಇರಲಿಲ್ಲ. ಅಲ್ಲಿಗೆ ಅವರು ಹೇಗೆ ಬಂದರು?

ಮೈತ್ರೇಯಿ


ಬಸವನಗುಡಿ
19 ಜುಲೈ 1999

ಮೈತ್ರೇಯಿ ಅವರಿಗೆ,

ನಿಮ್ಮ ಪತ್ರ ಓದಿ ಕೂಡಲೇ ಪುಟ ತೆರೆದೆ. ಹೌದು, ಹಾಗೆಯೇ ಆಗಿದೆ. ಪ್ರೆಸ್ಸಿನ ಕೊನೆಯ ವಾರದ ಗದ್ದಲದಲ್ಲಿ ಏನೇನು ನುಸುಳಿತೋ ಹೇಳಲಾರೆ. ಕಂಪ್ಯೂಟರಿನಲ್ಲಿ ಮೇಲಿನದು ಕೆಳಕ್ಕೆ ಹೋಗುವುದು, ಒಂದರ ಬಾಲ ಇನ್ನೊಂದಕ್ಕೆ ಅಂಟುವುದು ಎಲ್ಲ ಆಗುತ್ತದಂತೆ.

ಆಗಿದ್ದು ಆಯಿತು. ಶಾಂತವಾಗಿ ಯೋಚಿಸಿದರೆ ಇದರಿಂದ ನಿಮಗೆ ಕೆಟ್ಟದ್ದೇನೂ ಆಗಿಲ್ಲ. ನೀವು ಶಿಕ್ಷಕರಿಗೆ ಪಾಠ ಹೇಳುವ ಕೆಲಸದಲ್ಲಿದ್ದೀರಿ. ನಾಳೆ ಯಾರೋ ಈ ಪುಸ್ತಕ ಹಿಡಿದುಕೊಂಡು ಬಂದು ‘ಇದು ನೀವೇ ಬರೆದದ್ದಲ್ಲವೇ?’ ಎಂದು ಕೇಳಿದರೆ? ಗುಮಾಸ್ತ ಎಂದರೆ ಯಾರೂ ಅಲ್ಲ, ಎಲ್ಲ ಆಫೀಸಿನಲ್ಲೂ ಒಬ್ಬ ಇರುತ್ತಾನೆ. ಓದಿದವರು ಪುಟ ಮಗುಚುತ್ತಾರೆ. ನಿಮ್ಮ ಕ್ಷೇಮವನ್ನು ಯೋಚಿಸುವ ಒಬ್ಬ ಇಲ್ಲಿದ್ದಾನೆ ಎಂದಾದರೂ ತಿಳಿಯಿರಿ.

ಬದರಿ


ವಿಜಾಪುರ
30 ಜುಲೈ 1999

ಬದರೀನಾರಾಯಣ ಅವರಿಗೆ,

ಮೊದಲ ಪ್ಯಾರಾದಲ್ಲಿ ಪ್ರೆಸ್ಸಿನ ತಪ್ಪು. ಎರಡನೆಯದರಲ್ಲಿ ನನ್ನ ಕ್ಷೇಮ. ನಿಮ್ಮ ಪತ್ರದಲ್ಲೂ ಒಂದರ ಬಾಲ ಇನ್ನೊಂದಕ್ಕೆ ಅಂಟಿದೆ. ತಪ್ಪೇ ಆಗಿದ್ದರೆ ಅದು ಅಷ್ಟು ಸಮರ್ಪಕವಾಗಿ ನನ್ನನ್ನು ಕಾಪಾಡುತ್ತಿರಲಿಲ್ಲ.

‘ಗುಮಾಸ್ತ ಎಂದರೆ ಯಾರೂ ಅಲ್ಲ’ ಎಂದಿದ್ದೀರಿ. ಅವರ ಹೆಸರು ಹನುಮಂತಯ್ಯ. ಚಾಮರಾಜಪೇಟೆಯ ನಾಲ್ಕನೇ ಮೇನ್ ರೋಡಿನಲ್ಲಿ ಮನೆ.

ನಾನು ಆಗ ಅಲ್ಲಿಯ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಶರಣ್ಯ ಎಂಬ ಹುಡುಗಿ ಹತ್ತನೇ ತರಗತಿಯಲ್ಲಿದ್ದಳು. ಸಣ್ಣವಳಿದ್ದಾಗ ಬುದ್ಧಿವಂತೆ ಎಂದು ಒಂದು ತರಗತಿ ಹಾರಿಸಿದ್ದರು, ಪರೀಕ್ಷೆಗೆ ಕೂರಲು ಹತ್ತು ತಿಂಗಳು ವಯಸ್ಸು ಕಡಿಮೆ ಬಿತ್ತು. ಆ ವರ್ಷ ತಪ್ಪಿದರೆ ಮತ್ತೆ ಶಾಲೆಗೆ ಕಳಿಸುವುದಿಲ್ಲವೆಂದು ತಂದೆ ಹೇಳಿಬಿಟ್ಟಿದ್ದರು. ತಾಯಿ ಬಸವಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಮೇಡಂ, ನಿಮ್ಮ ಕೈಲಿ ಆಗೋದೇನಾದ್ರೂ ಇದ್ರೆ ಮಾಡಿ, ಇಲ್ದಿದ್ರೆ ಇಲ್ಲ ಅಂತ್ಲಾದ್ರೂ ಹೇಳ್ಬಿಡಿ’ ಎಂದರು. ಇಲ್ಲ ಎನ್ನಲಾಗಲಿಲ್ಲ. ಫಾರಂ ಕಳಿಸುವ ಹಿಂದಿನ ಮಧ್ಯಾಹ್ನ ಅಡ್ಮಿಷನ್ ರಿಜಿಸ್ಟರ್ ತೆಗೆದು, ಬ್ಲೇಡಿನಿಂದ ಇಸವಿಯ ಕೊನೆಯ ಅಂಕಿಯನ್ನು ಕೆರೆದು ಬೇರೆ ಬರೆದೆ. ಕೆರೆದ ಕಾಗದ ಮಸಿಯನ್ನು ಹೀರಿಕೊಳ್ಳುತ್ತದೆಂದು ಆಗ ತಿಳಿದಿರಲಿಲ್ಲ. ಅಂಕಿಯ ಸುತ್ತ ಮಸಿ ಹರಡಿತು.

ಏಪ್ರಿಲಿನಲ್ಲಿ ಹೆಡ್‌ಮಾಸ್ಟರರ ಕಣ್ಣಿಗೆ ಬಿತ್ತು. ರಿಜಿಸ್ಟರಿನ ಬೀರು ಹನುಮಂತಯ್ಯನವರ ವಶದಲ್ಲಿತ್ತು. ಶಾಲೆಯ ಹೆಸರು ಕೆಡಬಾರದೆಂದು ವಿಷಯವನ್ನು ಇಲಾಖೆಗೆ ತಿಳಿಸಲಿಲ್ಲ. ಹುಡುಗಿಯ ಪರೀಕ್ಷೆ ಉಳಿಯಿತು. ಹನುಮಂತಯ್ಯನವರನ್ನು ಆಫೀಸಿನಿಂದ ತೆಗೆದು, ಮುರಿದ ಬೆಂಚುಗಳಿದ್ದ ಸ್ಟೋರ್ ರೂಮಿಗೆ ಹಾಕಿದರು. ನಿವೃತ್ತಿಯವರೆಗೂ ಅವರು ಅಲ್ಲೇ ಇದ್ದರು. ತಿದ್ದಿದ್ದು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಸುಮ್ಮನಿದ್ದೆ.

ಹದಿನೈದು ವರ್ಷದ ಮೇಲೆ ಒಂದು ಸಾಲು ಹೇಳುವ ಧೈರ್ಯ ಬಂತು. ಎದುರಿಗೆ ಹೋಗಿ ಹೇಳುವ ಧೈರ್ಯವಲ್ಲ, ಒಂದು ಪುಸ್ತಕದ ಮೂಲೆಯಲ್ಲಿ ಹೇಳುವಷ್ಟು. ಅದನ್ನು ನಿಮ್ಮ ಕೈಗೆ ಕೊಟ್ಟೆ. ನೀವು ಅದನ್ನು ತೆಗೆದುಕೊಂಡು ಅದೇ ಮನುಷ್ಯನ ಮೇಲೆ ಇನ್ನೊಮ್ಮೆ ಹೊರಿಸಿದಿರಿ, ಈ ಸಲ ನನ್ನ ಹೆಸರಿನಲ್ಲಿ, ಸಾವಿರ ಪ್ರತಿ.

ಬಸ್ ಸ್ಟಾಪಿನಲ್ಲಿ ಹೇಳಿದ ಉಳಿದ ಅರ್ಧ ಇದು: ಕೇಳಿಸಿಕೊಂಡವನು ಆ ಮಾತಿಗೆ ಸಾಕ್ಷಿ, ಸಾಕ್ಷಿಯಾದವನು ಅದನ್ನು ಮುಟ್ಟಬಾರದು.

ಅವರ ಮನೆಗೆ ಹೋಗಿ. ಯಾರು ತಿದ್ದಿದರೆಂದು ಹೇಳಿ. ಉಳಿದಿರುವ ಪ್ರತಿಗಳಲ್ಲಿ ಸರಿಯಾದ ವಾಕ್ಯದ ಚೀಟಿ ಅಂಟಿಸಲಿ.

ಮೈತ್ರೇಯಿ


ಬಸವನಗುಡಿ
22 ಆಗಸ್ಟ್ 1999

ಮೈತ್ರೇಯಿ ಅವರಿಗೆ,

ಹೋಗಿ ಬಂದು ಆರು ದಿನವಾಯಿತು. ಬರೆಯಲು ಕೂತು ಎದ್ದು ಬಿಟ್ಟಿದ್ದೇನೆ.

ಮೊದಲು ನನ್ನದು. ವಾಕ್ಯ ಬದಲಾದದ್ದು ಪ್ರೆಸ್ಸಿನ ತಪ್ಪಲ್ಲ. ನಿಮ್ಮ ಕ್ಷೇಮಕ್ಕಾಗಿಯೂ ಅಲ್ಲ, ಆ ಯೋಚನೆ ನನಗೆ ಬಂದದ್ದು ನಿಮ್ಮ ಮೊದಲ ಜುಲೈ ಪತ್ರ ಓದಿದ ಮೇಲೆ. ಶಂಭುಲಿಂಗಪ್ಪ ಪ್ರೂಫ್ ನೋಡಿ, ಪಟ್ಟಿಯನ್ನೂ ನೋಡಿ ಹೇಳಿದ್ದು: ‘ಏನ್ ಮೇಷ್ಟ್ರೇ ಇದು? ಟೀಚರ್ರೇ ರಿಜಿಸ್ಟರ್ ತಿದ್ದಿದ್ಲು ಅಂತ ಇರೋ ಬುಕ್ಕನ್ನ ಯಾವ ಹೆಡ್‌ಮಾಸ್ಟರ್ ತಗೊಳ್ತಾನೆ? ಗುಮಾಸ್ತ ಅಂತ ಹಾಕಿ. ಗುಮಾಸ್ತರು ಡಿಕ್ಷ್‌ನರಿ ಕೊಳ್ಳಲ್ಲ.’ ನಾನು ನಕ್ಕೆ. ಕಂಪ್ಯೂಟರಿನ ಹುಡುಗಿಯ ಪಕ್ಕ ಕೂತು ಒಂದು ಪದ ಬದಲಾಯಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಅರ್ಥವನ್ನು ಉಳಿಸಿಕೊಂಡಿದ್ದೇನಲ್ಲ, ಉದಾಹರಣೆ ಹೋದರೆ ಹೋಗಲಿ ಎಂದುಕೊಂಡೆ.

ಈಗ ನಾಲ್ಕನೇ ಮೇನ್ ರೋಡು. ಬೈಂಡಿಂಗ್ ಅಂಗಡಿಯ ಪಕ್ಕದ ಮನೆ, ಒಳಗೆಲ್ಲ ಗೋಂದಿನ ವಾಸನೆ. ಬಾಗಿಲು ತೆರೆದದ್ದು ಮೊಮ್ಮಗಳು, ಏಳನೇ ತರಗತಿ. ಹೆಸರು ಹೇಳಿದೆ. ಅವಳು ಒಳಕ್ಕೆ ತಿರುಗಿ, ‘ತಾತಾ, ಆ ಪುಸ್ತಕದೋರು ಬಂದವ್ರೆ’ ಎಂದಳು. ಅವಳ ಧ್ವನಿ ನನಗೆ ಹಿಡಿಸಲಿಲ್ಲ.

ಹನುಮಂತಯ್ಯ ಕುರ್ಚಿ ತೋರಿಸಿದರು. ‘ಪೇಜ್ ಹದಿನಾಲ್ಕು ತಾನೇ? ಕೂತ್ಕೊಳಿ.’

‘ಅದು ನಿಮ್ಮನ್ನು ಕುರಿತು ಬರೆದದ್ದಲ್ಲ’ ಎಂದೆ.

‘ಇನ್ಯಾವ ಗುಮಾಸ್ತ ಸ್ವಾಮಿ? ಈ ಪೇಟೆಗೆಲ್ಲ ತಾರೀಖು ಕೆರೆದೋನು ನಾನೊಬ್ನೇ. ಬ್ಲೇಡ್ ಹನುಮಂತಯ್ಯ ಅಂತಾರೆ. ತರ್ಕಾರಿಯೋನೂ ಹಂಗೇ ಕರೀತಾನೆ, ಪಾಪ, ಅವ್ನಿಗೆ ಯಾಕೆ ಅಂತ್ಲೂ ಗೊತ್ತಿಲ್ಲ.’ ನಕ್ಕರು. ಆಮೇಲೆ ಹುಡುಗಿಯ ಕಡೆ ನೋಡಿದರು. ‘ಇವ್ಳಿಗೆ ನಾನು ಹೇಳಿದ್ದೆ, ಅದು ನಾನಲ್ಲಮ್ಮ ಅಂತ. ನಂಬಿದ್ಲು. ಈಗ ಸ್ಕೂಲಲ್ಲಿ ಅಚ್ಚಲ್ಲೇ ಬಂದೈತಲ್ಲ.’

‘ತಿದ್ದಿದ್ದು ಮೈತ್ರೇಯಿ ಅವರು’ ಎಂದೆ. ನೀವು ಹೇಳಿ ಕಳಿಸಿದ್ದನ್ನು ತಲುಪಿಸಿದೆನೆಂದುಕೊಂಡು ಅವರ ಮುಖ ನೋಡಿದೆ.

‘ಅದನ್ನ ನನಗೆ ಹೇಳಕ್ಕೆ ಬಂದ್ರಾ? ಬೀರು ಚಾವಿ ಕೊಟ್ಟಿದ್ದೇ ನಾನು. ಯಾಕಂತ ಕೇಳ್ದೆ, ಹೇಳಿದ್ರು, ಕೊಟ್ಟೆ. ಮಗು ಬುದ್ಧಿವಂತೆ. ಕೆಟ್ಟ ಕೆಲಸ ಅನ್ನಿಸ್ಲಿಲ್ಲ. ಹೆಡ್‌ಮಾಸ್ಟರು ಕೇಳಿದಾಗ, ಮೊದ್ಲೇ ತಪ್ಪು ಬಿದ್ದಿತ್ತು, ನಾನೇ ಸರಿ ಮಾಡ್ದೆ ಅಂದೆ. ಈಯಮ್ಮ ಪಕ್ಕದಲ್ಲೇ ನಿಂತಿದ್ರು, ಕಣ್ಣಲ್ಲಿ ನೀರು. ಆಚೆ ಬಂದ್ಮೇಲೆ ನಾನೇ ಸಮಾಧಾನ ಮಾಡ್ದೆ. ರಿಸಲ್ಟ್ ಬರೋವರ್ಗೂ ಬಾಯಿ ಬಿಡ್ಬೇಡಿ ಮೇಡಂ. ಬಂದ್ಮೇಲೆ ನೀವೇ ಹೋಗಿ ಹೆಡ್‌ಮಾಸ್ಟರ್ ಹತ್ರ ಒಂದು ಮಾತು ಹೇಳ್ಬಿಡಿ, ಸಾಕು, ಅಂತ. ಆಯ್ತು ಹನುಮಂತಯ್ಯ, ಖಂಡಿತ, ಅಂದ್ರು.’

ಆಮೇಲೆ ಕೇಳಿದರು: ‘ಒಂದು ಮಾತು ಹೇಳಕ್ಕೆ ಬರ್ದೇ ಇದ್ದೋರು, ಬುಕ್ಕಲ್ಲಿ ಹಾಕ್ಸಿದ್ರಾ ಸ್ವಾಮಿ, ಗುಮಾಸ್ತ ಅಂತ?’

ಅದು ನನ್ನ ಕೈಕೆಲಸ ಎಂದೆ. ಅವರು ನಂಬಲಿಲ್ಲ. ನಿಮ್ಮನ್ನು ಕಾಪಾಡಲು ಬಂದ ಇನ್ನೊಬ್ಬನೆಂದುಕೊಂಡರು. ‘ಮೊದ್ಲು ನಾನು, ಈಗ ನೀವು’ ಎಂದರು.

ಮೈತ್ರೇಯಿ, ‘ಯಾರೆಂದು ಅವರಿಗೆ ಗೊತ್ತಿರಲಿಲ್ಲ’ ಎಂದು ನನಗೆ ಬರೆದಿರಿ. ಕಣ್ಣು ಕಟ್ಟಿ ಕಳಿಸಿದಿರಿ. ನಾನು ಒಂದು ಪದ ಬದಲಾಯಿಸಿದವನು. ನೀವು?

ಚೀಟಿ ಅಂಟಿಸುವುದು ಅವರಿಗೆ ಬೇಡವಂತೆ. ‘ಮೇಡಂನ ಬರಕ್ಕೆ ಹೇಳಿ. ಈ ಮಗು ಮುಂದೆ ಒಂದು ಮಾತು ಹೇಳಿ ಹೋಗ್ಲಿ. ಕಾಫಿ ಕುಡ್ಕೊಂಡು ಹೋಗ್ಲಿ.’ ಇಷ್ಟೇ ಕೇಳಿದ್ದು.

ಬದರೀನಾರಾಯಣ


ಬಸವನಗುಡಿ
5 ಜನವರಿ 2000

ಮೈತ್ರೇಯಿ ಅವರಿಗೆ,

ಆಗಸ್ಟಿನಿಂದ ಇದು ನಾಲ್ಕನೆಯ ಪತ್ರ, ನಿಮ್ಮಿಂದ ಒಂದೂ ಇಲ್ಲ. ಎರಡನೆಯ ಮುದ್ರಣ ಶುರುವಾಗುತ್ತಿದೆ. ‘ನಾನು’ ಎಂದು ಮತ್ತೆ ಹಾಕುವುದಿದ್ದರೆ ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಿರಿ ಎನ್ನುತ್ತಾರೆ ಶಂಭುಲಿಂಗಪ್ಪ. ಹೆಸರಿಲ್ಲದ ‘ನಾನು’ ಯಾರ ಮಾತು? ನೀವೇ ಹೇಳದೆ ಈ ಸಲ ನಾನು ಏನನ್ನೂ ಮುಟ್ಟುವುದಿಲ್ಲ.

ಹನುಮಂತಯ್ಯನವರ ಮನೆಯ ಮುಂದೆ ಹಾದಾಗಲೆಲ್ಲ ಜಗಲಿಯಿಂದ ಕೇಳುತ್ತಾರೆ: ‘ಕಾಗ್ದ ಬಂತಾ ಮೇಷ್ಟ್ರೇ?’ ಈಗೀಗ ಬೇರೆ ರಸ್ತೆಯಿಂದ ಪ್ರೆಸ್ಸಿಗೆ ಹೋಗುತ್ತಿದ್ದೇನೆ.

ಬದರೀನಾರಾಯಣ


ಬಸವನಗುಡಿ
18 ಫೆಬ್ರವರಿ 2003

ಹನುಮಂತಯ್ಯನವರು ಈ ತಿಂಗಳ ಒಂಬತ್ತರಂದು ತೀರಿಕೊಂಡರು. ತಿಳಿಸಬೇಕಾದ ಬೇರೆ ಯಾರೂ ಇಲ್ಲ, ಅದಕ್ಕೆ ನಿಮಗೆ.

ಬ.ನಾ.


ವಿಜಾಪುರ
3 ಮಾರ್ಚ್ 2003

ಬದರೀನಾರಾಯಣ ಅವರಿಗೆ,

ನಿಮ್ಮ ಕಾರ್ಡನ್ನು ಪಾಠ ಮಾಡುವ ಪುಸ್ತಕದೊಳಗೆ ಇಟ್ಟುಕೊಂಡಿದ್ದೇನೆ. ದಿನಾ ಬೀಳುತ್ತದೆ, ದಿನಾ ಯಾರಾದರೂ ಎತ್ತಿ ಕೊಡುತ್ತಾರೆ.

ನೀವು ಕೇಳಿದ ‘ನೀವು?’ ಎಂಬ ಒಂದು ಪದಕ್ಕೆ ಮೂರೂವರೆ ವರ್ಷ ಉತ್ತರ ಹುಡುಕಿದೆ. ಸಿಟ್ಟಿನಿಂದ ಸುಮ್ಮನಿದ್ದೇನೆಂದು ನೀವು ತಿಳಿದಿರಬಹುದು. ನನಗೂ ಹಾಗೇ ಅನಿಸುತ್ತಿತ್ತು. ಒಳ್ಳೆಯ ಸಿಟ್ಟು ಅದು, ಬಹಳ ದಿನ ಬಾಳಿಕೆ ಬಂತು. ನಿಮ್ಮ ತಪ್ಪು ಅಷ್ಟು ಸ್ಪಷ್ಟವಾಗಿದ್ದಾಗ ನನ್ನದನ್ನು ನೋಡುವ ಅಗತ್ಯ ಬೀಳಲಿಲ್ಲ.

ಒಂದು ವಿಷಯ ನಿಮಗೆ ಹೇಳಿಲ್ಲ. ಪಾರ್ಸಲ್ ಬಿಚ್ಚಿ ಹದಿನಾಲ್ಕನೆಯ ಪುಟ ತೆರೆದಾಗ ಮೊದಲು ಬಂದದ್ದು ಸಿಟ್ಟಲ್ಲ. ನಿರಾಳ. ‘ಗುಮಾಸ್ತರು’ ಎಂದು ಓದಿ ಉಸಿರು ಬಿಟ್ಟೆ. ಆ ಉಸಿರು ನನಗೇ ಕೇಳಿಸಿತು. ನಿಮಗೆ ನಾಲ್ಕು ಸಾಲು ಬರೆದದ್ದು ಅದಾಗಿ ಎರಡು ವಾರಕ್ಕೆ.

1999ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದಿದ್ದೆ. ನಿಮಗೆ ತಿಳಿಸಲಿಲ್ಲ. ಮಾರ್ಕೆಟ್ಟಿನಲ್ಲಿ ಬಸ್ಸಿಳಿದು ನಡೆದುಕೊಂಡೇ ನಾಲ್ಕನೇ ಮೇನ್ ರೋಡಿಗೆ ಹೋದೆ. ಬೈಂಡಿಂಗ್ ಅಂಗಡಿಯ ಎದುರಿನ ಬದಿಯಲ್ಲಿ ನಿಂತೆ. ಅವರು ಜಗಲಿಯ ಮೇಲೆ ಬಟಾಣಿ ಸುಲಿಯುತ್ತಿದ್ದರು. ಹುಡುಗಿ ಪಕ್ಕದಲ್ಲಿ ಲೆಕ್ಕ ಮಾಡುತ್ತಿದ್ದಳು. ಅವರು ತಲೆಯೆತ್ತಿ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದರು. ‘ಯಾರು ಬೇಕಮ್ಮ?’ ಎಂದು ಕೇಳಿದರು. ‘ಬೈಂಡಿಂಗ್ ಅಂಗಡಿ’ ಎಂದೆ. ‘ಇದೇ ನೋಡಿ, ಪಕ್ಕದ್ದೇ’ ಎಂದರು. ಒಳಗೆ ಹೋಗಿ ಬೇಡದ ಒಂದು ನೋಟ್ ಬುಕ್ಕನ್ನು ಹೊಲಿಯಲು ಕೊಟ್ಟು ಹಿಂತಿರುಗಿದೆ. ನನ್ನ ಗುರುತು ಸಿಕ್ಕಿತ್ತೋ ಇಲ್ಲವೋ ಗೊತ್ತಿಲ್ಲ. ಆ ನೋಟ್ ಬುಕ್ ಇನ್ನೂ ಅಲ್ಲೇ ಇರಬೇಕು.

ಶರಣ್ಯ ಈಗ ಬ್ಯಾಂಕಿನಲ್ಲಿದ್ದಾಳೆ. ಹೋದ ವರ್ಷ ಪತ್ರ ಬರೆದು ವಿಷಯವೆಲ್ಲ ತಿಳಿಸಿದೆ. ಫೋನ್ ಮಾಡಿದಳು. ‘ಅಯ್ಯೋ, ಅಷ್ಟೇನಾ ಮಿಸ್? ನಮ್ಮನೇಲಿ ಎಲ್ರಿಗೂ ಗೊತ್ತಲ್ಲ, ಅಮ್ಮ ಪ್ರತೀ ಹುಟ್ಟುಹಬ್ಬಕ್ಕೂ ತಮಾಷೆ ಮಾಡ್ತಾರೆ. ಒಂದು ವರ್ಷ ಮುಂಚೆ ರಿಟೈರ್ ಆಗ್ತೀನಿ, ಥ್ಯಾಂಕ್ಸ್’ ಎಂದು ನಕ್ಕಳು. ಹನುಮಂತಯ್ಯನವರು ಗೊತ್ತೇ ಎಂದೆ. ‘ಯಾರು? ಸ್ಟೋರ್ ರೂಮಲ್ಲಿ ಇರ್ತಿದ್ರಲ್ಲ, ಅವ್ರಾ?’ ಎಂದಳು.

ನನ್ನ ಪ್ರತಿಯಲ್ಲಿ ‘ಗುಮಾಸ್ತರು’ ಎಂಬುದನ್ನು ನಿನ್ನೆ ಬ್ಲೇಡಿನಿಂದ ಕೆರೆದು ‘ನಾನು’ ಎಂದು ಬರೆದೆ. ಮಸಿ ಈ ಸಲವೂ ಹರಡಿತು, ಹಿಂದಿನ ಪುಟಕ್ಕೂ ಇಳಿಯಿತು. ಪುಸ್ತಕವನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಆ ಹುಡುಗಿಗೆ ಕೊಡಿ. ಅವಳು ಈಗ ಹತ್ತನೇ ತರಗತಿ ಮುಗಿಸುತ್ತಿರಬೇಕು. ತೆಗೆದುಕೊಳ್ಳದಿದ್ದರೆ ಬಲವಂತ ಮಾಡಬೇಡಿ. ಮುಂದಿನ ಮುದ್ರಣದಲ್ಲಿ ‘ನಾನು’ ಇರಲಿ, ನನ್ನ ಹೆಸರೂ ಇರಲಿ. ಶಂಭುಲಿಂಗಪ್ಪನವರು ಒಪ್ಪದಿದ್ದರೆ ಆ ಪದವೇ ಇಲ್ಲದ ನಿಘಂಟು ಬರಲಿ.

ರಿಸಲ್ಟ್ ಬಂದ ದಿನದ ಸಂಗತಿ ಯಾರಿಗೂ ಹೇಳಿಲ್ಲ. ಶರಣ್ಯ ಶಾಲೆಗೇ ಮೊದಲಿಗಳಾಗಿದ್ದಳು. ಬಸವಮ್ಮ ಮನೆಗೆ ಕರೆದಿದ್ದರು. ಸ್ಟೋರ್ ರೂಮು ನಾಲ್ಕೂವರೆಗೆ ಮುಚ್ಚುತ್ತಿತ್ತು, ಅವತ್ತು ಐದಾದರೂ ಕಿಟಕಿ ತೆರೆದೇ ಇತ್ತು. ಮೇಜಿನ ಮೇಲೆ ಕೊಡೆ ಅಡ್ಡ ಇಟ್ಟುಕೊಂಡು ಹನುಮಂತಯ್ಯನವರು ಕೂತಿದ್ದರು. ಹೆಡ್‌ಮಾಸ್ಟರರ ಕೋಣೆಯ ಬಾಗಿಲೂ ತೆರೆದಿತ್ತು. ನಾನು ಚಪ್ಪಲಿ ಸದ್ದಾಗದ ಹಾಗೆ ಪಕ್ಕದ ಗೇಟಿನಿಂದ ಹೊರಗೆ ಹೋದೆ. ಬಸವಮ್ಮನ ಮನೆಯಲ್ಲಿ ಮೈಸೂರುಪಾಕು ತಿಂದೆ.

ಹನುಮಂತಯ್ಯನವರೇ, ಅವತ್ತು ಎಷ್ಟು ಹೊತ್ತಿನವರೆಗೆ ಕಾದು ಕೂತಿದ್ದಿರಿ?

ಮೈತ್ರೇಯಿ